ಬೆಳೆ ಸಮೀಕ್ಷೆ ಆ್ಯಪ್ ಸುತ್ತುತ್ತಲೇ ಇದೆಯಾ? ಅನ್‌ಇನ್‌ಸ್ಟಾಲ್ ಮಾಡೋ ಮುಂಚೆ ಇದನ್ನ ಓದಿ



ಬೆಳೆ ಸಮೀಕ್ಷೆ ಶುರುವಾದ್ರೆ ಸಾಕು, ಪ್ರತಿ ಹಂಗಾಮಿನಲ್ಲೂ ಅದೇ ಗೋಳು. ಹೊಲಕ್ಕೆ ಹೋಗಿ, ಸರ್ವೆ ನಂಬರ್ ಆಯ್ಕೆ ಮಾಡಿ, ಬೆಳೆ ಹೆಸರು, ವಿಸ್ತೀರ್ಣ, ನೀರಾವರಿ ವಿವರ ಎಲ್ಲಾ ತುಂಬಿ, ಕೆಸರಲ್ಲಿ ನಿಂತು ಫೋಟೋ ತೆಗೆದಿರ್ತೀವಿ. ಕೊನೆಗೆ ಅಪ್‌ಲೋಡ್ ಒತ್ತಿದ್ರೆ ಚಕ್ರ ಸುತ್ತೋಕೆ ಶುರು. ಐದು ನಿಮಿಷ ಸುತ್ತುತ್ತೆ, ಹತ್ತು ನಿಮಿಷ ಸುತ್ತುತ್ತೆ. ಬೆರಳಿಟ್ಟರೆ ಏನೂ ಆಗಲ್ಲ. ಆಗ ನಮ್ಮ ಹುಡುಗರು ಮಾಡೋ ಕೆಲಸ ಏನು? ಆ್ಯಪ್ ಮುಚ್ಚಿ ತೆಗೀತಾರೆ, ಫೋನ್ ಆಫ್ ಮಾಡಿ ಆನ್ ಮಾಡ್ತಾರೆ, ಅದಕ್ಕೂ ಬಗ್ಗದಿದ್ರೆ ಆ್ಯಪ್ ಕಿತ್ತು ಹಾಕಿ ಹೊಸದಾಗಿ ಹಾಕ್ಕೋತಾರೆ. ಆ್ಯಪ್ ಹೊಸದಾಗಿ ಬರುತ್ತೆ, ಸರಿ. ಆದ್ರೆ ಒಳಗಿದ್ದ ಫೋಟೋ, ತುಂಬಿದ ವಿವರ ಎಲ್ಲಾ ಹೋಗಿರುತ್ತೆ. ಅರ್ಧ ದಿನದ ಕೆಲಸ ನೀರುಪಾಲು.

ಹಾಗಾಗಿ ಮೊದಲೇ ಹೇಳಿಬಿಡ್ತೀನಿ. ಅಪ್‌ಲೋಡ್ ಆಗದೆ ಉಳಿದಿರೋ ಸಮೀಕ್ಷೆ ಫೋನಿನಲ್ಲಿ ಇರುವಾಗ ಆ್ಯಪನ್ನ ಅನ್‌ಇನ್‌ಸ್ಟಾಲ್ ಮಾಡ್ಬೇಡಿ. ಸೆಟ್ಟಿಂಗ್‌ನಲ್ಲಿ ಹೋಗಿ 'ಕ್ಲಿಯರ್ ಡೇಟಾ' ಒತ್ತಬೇಡಿ. ನೀವು ತೆಗೆದ ಫೋಟೋ ಇನ್ನೂ ಸರ್ಕಾರದ ಸರ್ವರ್‌ಗೆ ತಲುಪಿಲ್ಲ, ಅದು ಇರೋದು ನಿಮ್ಮ ಫೋನಿನಲ್ಲಿ, ಆ ಆ್ಯಪಿನ ಹೊಟ್ಟೆಯಲ್ಲಿ ಮಾತ್ರ. ಇಂಥ ಆ್ಯಪ್‌ಗಳು ತೆಗೆದ ಫೋಟೋ ಸಾಮಾನ್ಯವಾಗಿ ಗ್ಯಾಲರಿಯಲ್ಲೂ ಇರಲ್ಲ.

2020ರ ಮುಂಗಾರಿನಿಂದ ನಮ್ಮ ರಾಜ್ಯದಲ್ಲಿ ರೈತರೇ ತಮ್ಮ ಬೆಳೆಯನ್ನ ಮೊಬೈಲಿನಲ್ಲಿ ದಾಖಲಿಸೋ ವ್ಯವಸ್ಥೆ ಬಂದಿದೆ. ಇದು ಬರೀ ಲೆಕ್ಕಕ್ಕೆ ಅಂತ ತಾತ್ಸಾರ ಮಾಡುವಂಥದ್ದಲ್ಲ. ಪಹಣಿಯ ಬೆಳೆ ಕಾಲಂ, ಬೆಂಬಲ ಬೆಲೆ ಖರೀದಿ, ಮಳೆಯಿಂದ ಹಾನಿಯಾದಾಗ ಬರೋ ಪರಿಹಾರ, ಬೆಳೆ ವಿಮೆ, ಎಲ್ಲದಕ್ಕೂ ಈ ಮಾಹಿತಿಯನ್ನೇ ನೋಡ್ತಾರೆ. ತೊಗರಿಗೆ ವಿಮೆ ಕಟ್ಟಿ, ಸಮೀಕ್ಷೆಯಲ್ಲಿ ಹತ್ತಿ ಅಂತ ಬಂದ್ರೆ ಅಥವಾ ಹೊಲ ಬೀಳು ಅಂತ ಬಂದ್ರೆ ವಿಮೆ ದುಡ್ಡು ಬರೋ ಹೊತ್ತಿಗೆ ತಕರಾರು ಏಳುತ್ತೆ. ಆ ಸುತ್ತೋ ಚಕ್ರದ ಹಿಂದೆ ಇರೋದು ನಿಮ್ಮ ವರ್ಷದ ದುಡಿಮೆಯ ದಾಖಲೆ.

ಹ್ಯಾಂಗ್ ಆಗಿರೋದು ಫೋನಾ, ಕಾಯ್ತಾ ಇರೋದು ಆ್ಯಪಾ?

ಎಲ್ಲದಕ್ಕೂ 'ಹ್ಯಾಂಗ್ ಆಯ್ತು' ಅಂತೀವಿ. ಆದ್ರೆ ಇದರಲ್ಲಿ ಎರಡು ಬಗೆ ಇದೆ, ಮದ್ದು ಬೇರೆ ಬೇರೆ.

ಪರದೆಯ ಮೇಲ್ಭಾಗದಿಂದ ಬೆರಳಿನಲ್ಲಿ ಕೆಳಗೆ ಎಳೆದು ನೋಡಿ. ನೋಟಿಫಿಕೇಶನ್ ಪರದೆ ಸಲೀಸಾಗಿ ಇಳಿದು ಬಂತಾ? ಚಕ್ರ ತಡೆಯದೆ ಸುತ್ತುತ್ತಿದೆಯಾ? ಹಾಗಾದ್ರೆ ಫೋನು ಗಟ್ಟಿಯಾಗೇ ಇದೆ. ಆ್ಯಪ್ ಸರ್ವರ್‌ಗೆ ಏನೋ ಕಳಿಸಿ ಉತ್ತರಕ್ಕೆ ಕಾಯ್ತಾ ಇದೆ ಅಷ್ಟೇ. ಇದು ನೆಟ್‌ವರ್ಕ್ ಸಮಸ್ಯೆ. ಚಕ್ರವೇ ನಿಂತು ಹೋಗಿ, ಪರದೆ ಕಲ್ಲಿನ ಹಾಗೆ ಕೂತಿದ್ರೆ ಅದು ನಿಜವಾದ ಹ್ಯಾಂಗ್. ಮುಟ್ಟಿದ್ದಕ್ಕೆ ಆ್ಯಪ್ 5 ಸೆಕೆಂಡ್ ಉತ್ತರ ಕೊಡದಿದ್ರೆ ಆಂಡ್ರಾಯ್ಡ್ ಫೋನೇ 'ಆ್ಯಪ್ ಸ್ಪಂದಿಸುತ್ತಿಲ್ಲ, ಮುಚ್ಚಬೇಕಾ ಕಾಯಬೇಕಾ' ಅಂತ ಕೇಳುತ್ತೆ. ಒಂದೆರಡು ಸಲ 'ಕಾಯಿರಿ' ಒತ್ತಿ ನೋಡಿ. ಆಗಲೂ ಜಪ್ಪಯ್ಯ ಅನ್ನದಿದ್ರೆ ಮುಚ್ಚಬಹುದು. ಒಮ್ಮೆ ಸೇವ್ ಆದ ಸಮೀಕ್ಷೆ ಆ್ಯಪ್ ಮುಚ್ಚಿದ ಮಾತ್ರಕ್ಕೆ ಅಳಿಸಿ ಹೋಗಲ್ಲ. ಅರ್ಧ ತುಂಬಿದ ಫಾರಂ ಮಾತ್ರ ಹೋಗಬಹುದು. ನಿಜವಾದ ಹ್ಯಾಂಗ್ ಪದೇ ಪದೇ ಆಗ್ತಿದ್ರೆ ಫೋನಿನಲ್ಲಿ ಜಾಗ ಇದೆಯಾ ನೋಡ್ಕೊಳ್ಳಿ. ವಾಟ್ಸಾಪ್ ಗುಂಪುಗಳ ಶುಭೋದಯ ವಿಡಿಯೋಗಳೇ ಫೋನ್ ತುಂಬಿಕೊಂಡಿರೋದು ನಮ್ಮಲ್ಲಿ ಜಾಸ್ತಿ.

ನಮ್ಮ ಹೊಲಗಳಲ್ಲಿ ಹತ್ತರಲ್ಲಿ ಎಂಟು ಸಲ ಸಮಸ್ಯೆ ಇರೋದು ಮೊದಲನೇ ಬಗೆಯದ್ದು ಅನ್ನೋದು ನನ್ನ ಅಂದಾಜು. ಅದರ ಬಗ್ಗೆಯೇ ಸ್ವಲ್ಪ ವಿವರವಾಗಿ ನೋಡೋಣ.

ರೀಲ್ಸ್ ಓಡುತ್ತೆ, ಫೋಟೋ ಯಾಕೆ ಹೋಗಲ್ಲ?

ಇದು ಎಲ್ಲರೂ ಕೇಳೋ ಪ್ರಶ್ನೆ. 'ಅಣ್ಣಾ, ಇದೇ ಜಾಗದಲ್ಲಿ ವಿಡಿಯೋ ನೋಡ್ತೀನಿ, ಎರಡು ಕಡ್ಡಿ ಸಿಗ್ನಲ್ ಇದೆ, ಅಪ್‌ಲೋಡ್ ಮಾತ್ರ ಆಗಲ್ಲ. ಆ್ಯಪೇ ಸರಿಯಿಲ್ಲ.'

ಆ್ಯಪ್ ಸರಿ ಇಲ್ಲದೆಯೂ ಇರಬಹುದು. ಆದ್ರೆ ಅದಕ್ಕೆ ಮುಂಚೆ ಒಂದು ವಿಷಯ ತಿಳ್ಕೊಳ್ಳಿ. ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಸಿಗ್ನಲ್ ಬಿಡುತ್ತೆ. ನಿಮ್ಮ 4ಜಿ ಫೋನು ಎಷ್ಟೇ ದಮ್ ಕಟ್ಟಿದ್ರೂ ಸಾಮಾನ್ಯವಾಗಿ ಬಿಡೋದು 0.2 ವ್ಯಾಟ್ ಅಷ್ಟೇ. ಅಂದ್ರೆ ಗುಡ್ಡದ ಮೇಲೆ ಮೈಕ್ ಹಿಡಿದು ನಿಂತವನು ಕೂಗಿದ್ದು ನಮಗೆ ಕೇಳ್ಸುತ್ತೆ, ನಾವು ಕೆಳಗಿನ ಗದ್ದೆಯಿಂದ ಬರೀ ಬಾಯಲ್ಲಿ ಓ ಅಂದಿದ್ದು ಅವನಿಗೆ ಕೇಳ್ಸಲ್ಲ. ವಿಡಿಯೋ ನೋಡೋವಾಗ ಟವರ್ ಕೂಗುತ್ತೆ, ನಾವು ಕೇಳ್ತೀವಿ. ಫೋಟೋ ಕಳಿಸೋವಾಗ ನಾವು ಕೂಗಬೇಕು. ಫೋನಿನ ಮೇಲೆ ಕಾಣೋ ಕಡ್ಡಿಗಳು ಟವರಿನ ಕೂಗು ನಮಗೆ ಎಷ್ಟು ಜೋರಾಗಿ ಕೇಳಿಸ್ತಿದೆ ಅನ್ನೋದನ್ನ ಮಾತ್ರ ತೋರಿಸ್ತವೆ. ನಮ್ಮ ದನಿ ಅಲ್ಲಿಗೆ ಮುಟ್ಟುತ್ತಾ, ಆ ಟವರಿಗೆ ಎಷ್ಟು ಜನ ನೇತುಹಾಕ್ಕೊಂಡಿದ್ದಾರೆ, ಅದನ್ನ ಕಡ್ಡಿ ಹೇಳಲ್ಲ.

ಕಡ್ಡಿಗಿಂತ ನಂಬಬಹುದಾದ ಲೆಕ್ಕ ಫೋನಿನಲ್ಲೇ ಇದೆ. ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್, ಅದರಲ್ಲಿ ಸಿಗ್ನಲ್ ಸ್ಟ್ರೆಂತ್ ಅಂತ ಇರುತ್ತೆ (ಕೆಲವು ಕಂಪನಿ ಫೋನಲ್ಲಿ ಸ್ಟೇಟಸ್ ಅನ್ನೋದರ ಒಳಗೆ ಹುಡುಕಬೇಕು). ಮೈನಸ್ 95 ಡಿಬಿಎಂ, ಮೈನಸ್ 112 ಡಿಬಿಎಂ ಅಂತ ತೋರಿಸುತ್ತೆ. ಮೈನಸ್ ಇರೋದ್ರಿಂದ ಅಂಕಿ ಚಿಕ್ಕದಾದಷ್ಟೂ ಒಳ್ಳೇದು. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ರೆ ಚೆನ್ನಾಗಿದೆ, 100 ಅಂದ್ರೆ ಪರವಾಗಿಲ್ಲ, 110 ದಾಟಿದ್ರೆ ಅಪ್‌ಲೋಡ್ ನೆಚ್ಕೋಬೇಡಿ. ಈ ಲೆಕ್ಕದಲ್ಲಿ 10 ಅಂಕಿ ಹೆಚ್ಚುಕಮ್ಮಿ ಆದ್ರೆ ಶಕ್ತಿ ಹತ್ತು ಪಟ್ಟು ಹೆಚ್ಚುಕಮ್ಮಿ ಆದ ಹಾಗೆ. ಮೈನಸ್ 95 ಇರೋ ಜಾಗಕ್ಕೂ ಮೈನಸ್ 115 ಇರೋ ಜಾಗಕ್ಕೂ ನೂರು ಪಟ್ಟು ವ್ಯತ್ಯಾಸ. ಎಷ್ಟೋ ಸಲ ಈ ವ್ಯತ್ಯಾಸ ಇರೋದು ತೋಟದ ಒಳಗೆ ಮತ್ತು ತೋಟದ ಬದುವಿನ ಮೇಲೆ, ಅಷ್ಟೇ ದೂರದಲ್ಲಿ. ಫೋನ್ ಹಿಡಿದು ಒಂದು ಸುತ್ತು ಹಾಕಿ ನೋಡಿ, ನಿಮ್ಮ ಜಮೀನಿನಲ್ಲಿ ಯಾವ ಮೂಲೆ ಅಪ್‌ಲೋಡಿಗೆ ಆಗುತ್ತೆ ಅನ್ನೋದು ಗೊತ್ತಾಗುತ್ತೆ. ಒಮ್ಮೆ ಗುರುತು ಮಾಡ್ಕೊಂಡ್ರೆ ಪ್ರತಿ ಹಂಗಾಮಿಗೂ ಅದೇ ಜಾಗ.

ಅಡಿಕೆ ತೋಟ, ಆಳೆತ್ತರ ಬೆಳೆದ ಕಬ್ಬು, ಅದರಲ್ಲೂ ಮಳೆ ನಿಂತ ಮೇಲೆ ಎಲೆ ತೊಟ್ಟಿಕ್ಕೋ ಹೊತ್ತು, ಸಿಗ್ನಲ್ಲನ್ನ ಚೆನ್ನಾಗಿ ಹೀರಿಕೊಳ್ತವೆ. ತಗಡಿನ ಶೀಟಿನ ಮನೆ, ಪಂಪ್‌ಹೌಸ್ ಒಳಗೂ ಹಾಗೇ, ಲೋಹ ಸಿಗ್ನಲ್ಲನ್ನ ಒಳಕ್ಕೆ ಬಿಡಲ್ಲ. ಇನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಗುಡ್ಡದ ಮರೆ ಇದ್ರೆ ಟವರ್ ಎರಡು ಕಿಲೋಮೀಟರ್ ಇದ್ರೂ ಒಂದೇ, ಇಪ್ಪತ್ತು ಕಿಲೋಮೀಟರ್ ಇದ್ರೂ ಒಂದೇ. ಗಾಳಿ ಮಳೆಗೆ ಕರೆಂಟ್ ಹೋದ್ರೆ ಟವರಿನ ಬ್ಯಾಟರಿ ಕೆಲವು ಗಂಟೆ ಎಳೆಯುತ್ತೆ. ಜನರೇಟರ್‌ಗೆ ಡೀಸೆಲ್ ಹಾಕೋರು ಬರದಿದ್ರೆ ಆಮೇಲೆ ಅದೂ ಮಲಗುತ್ತೆ.

ಪದೇ ಪದೇ ಒತ್ತಿದ್ರೆ ಯಾಕೆ ಹೋಗಲ್ಲ?

ಸ್ವಲ್ಪ ಲೆಕ್ಕ ಹಾಕೋಣ. ಆ್ಯಪ್ ನಿಮ್ಮ ಫೋಟೋವನ್ನ ಕುಗ್ಗಿಸಿ 500 ಕೆಬಿ ಮಾಡಿದೆ ಅಂತ ಇಟ್ಕೊಳ್ಳಿ. ನೆಟ್ 2ಜಿಗೆ ಇಳಿದು ಸೆಕೆಂಡಿಗೆ 100 ಕಿಲೋಬಿಟ್ ಸಿಗ್ತಾ ಇದೆ. ಒಂದು ಬೈಟ್ ಅಂದ್ರೆ 8 ಬಿಟ್. ಹಾಗಾಗಿ ಆ ಒಂದು ಫೋಟೋ ಹೋಗೋಕೆ 40 ಸೆಕೆಂಡ್ ಬೇಕು. ಕುಗ್ಗಿಸದೆ 3 ಎಂಬಿ ಹಾಗೇ ಕಳಿಸಿದ್ರೆ 4 ನಿಮಿಷ. ಅದೂ ಒಂದು ಹನಿಯೂ ಚೆಲ್ಲದೆ ಹೋದ್ರೆ.

ಫೋಟೋ ಒಂದೇ ಮೂಟೆಯಾಗಿ ಹೋಗಲ್ಲ. ಹೆಚ್ಚುಕಡಿಮೆ 1,400 ಬೈಟಿನ ಚಿಕ್ಕ ಚಿಕ್ಕ ಪೊಟ್ಟಣ ಆಗಿ ಹೋಗುತ್ತೆ. 500 ಕೆಬಿ ಫೋಟೋಗೆ ಮುನ್ನೂರೈವತ್ತು ಪೊಟ್ಟಣ ಅಂದುಕೊಳ್ಳಿ. ರಿಜಿಸ್ಟರ್ ಪೋಸ್ಟಿಗೆ ವಾಪಸ್ ಚೀಟಿ ಬರೋ ಹಾಗೆ, ಇವಕ್ಕೂ 'ಮುಟ್ಟಿದೆ' ಅಂತ ಆ ಕಡೆಯಿಂದ ಉತ್ತರ ಬರಬೇಕು. ಬರದಿದ್ರೆ ಫೋನು ಅದೇ ಪೊಟ್ಟಣ ಮತ್ತೆ ಕಳಿಸುತ್ತೆ. ಸಿಗ್ನಲ್ ಹೋಗ್ತಾ ಬರ್ತಾ ಇದ್ರೆ ಕಳಿಸಿದ್ದನ್ನೇ ಕಳಿಸೋದ್ರಲ್ಲಿ ಕಾಲ ಹೋಗುತ್ತೆ. ಇತ್ತ ಆ್ಯಪಿಗೂ ಒಂದು ತಾಳ್ಮೆಯ ಗಡುವು ಇರುತ್ತೆ. ಆ್ಯಪ್ ಬರೆದವರು 30 ಸೆಕೆಂಡ್ ಅಂತ ಇಟ್ಟಿದ್ರೆ, 40 ಸೆಕೆಂಡ್ ಬೇಕಾದ ಫೋಟೋ ಮುಕ್ಕಾಲು ದಾರಿ ಹೋಗಿ ನಿಲ್ಲುತ್ತೆ. ಮತ್ತೆ ಒತ್ತಿದ್ರೆ ಬಹುತೇಕ ಆ್ಯಪ್‌ಗಳು ಮೊದಲಿಂದ ಶುರು ಮಾಡ್ತವೆ. ಬೆಂಗಳೂರಲ್ಲಿ ಕೂತು ಒಳ್ಳೇ ವೈಫೈನಲ್ಲಿ ಪರೀಕ್ಷೆ ಮಾಡಿ ಬಿಟ್ಟ ಆ್ಯಪಿಗೆ ನಮ್ಮ ಕೊರಕಲು ದಾರಿ ಗೊತ್ತಿರಲ್ಲ ಅನ್ನೋದು ನಿಜವೇ. ಆದ್ರೆ ಅದೇ ಜಾಗದಲ್ಲಿ ನಿಂತು ಇಪ್ಪತ್ತು ಸಲ ಒತ್ತಿದ್ರೆ ಇಪ್ಪತ್ತು ಸಲವೂ ಅದೇ ಮುಕ್ಕಾಲು ದಾರಿ. ಬದಲಾಗಬೇಕಾಗಿರೋದು ಜಾಗ, ಇಲ್ಲಾ ಹೊತ್ತು.

ಎಲ್ಲಿ ಸಿಕ್ಕಿಬಿದ್ದಿದೆ ಅಂತ ಪತ್ತೆ ಮಾಡೋದು

ಫೋನು, ಟವರು, ಅಲ್ಲಿಂದ ಇಂಟರ್‌ನೆಟ್ಟು, ಕೊನೆಗೆ ಸರ್ಕಾರದ ಸರ್ವರ್ರು. ನಾಲೆಯಲ್ಲಿ ನೀರು ಬರದಿದ್ರೆ ತೂಬಿನಿಂದ ತೂಬಿಗೆ ನಡೆದು ನೋಡ್ತೀವಲ್ಲ, ಹಾಗೇ ಒಂದೊಂದಾಗಿ ನೋಡ್ಬೇಕು.

ಮೊದಲು ಬ್ರೌಸರ್ ತೆರೆದು, ನೀವು ಯಾವತ್ತೂ ತೆರೆಯದ ಯಾವುದಾದ್ರೂ ಪುಟ ಹುಡುಕಿ. ಯಾವತ್ತೂ ತೆರೆಯದ ಪುಟ ಅಂತ ಯಾಕೆ ಅಂದೆ ಅಂದ್ರೆ, ಹಳೇ ಪುಟಗಳು ಫೋನಿನಲ್ಲೇ ಉಳಿದಿರ್ತವೆ, ನೆಟ್ ಇಲ್ಲದಿದ್ರೂ ಇದ್ದ ಹಾಗೆ ಕಾಣ್ತವೆ. ಪುಟ ಬರಲಿಲ್ಲ ಅಂದ್ರೆ ತೊಂದರೆ ನಿಮ್ಮ ನೆಟ್‌ನಲ್ಲೇ. ಪುಟ ಬಂತು ಅಂದ್ರೆ ವಾಟ್ಸಾಪ್‌ನಲ್ಲಿ ಮನೆಯವರಿಗೋ ಗೆಳೆಯನಿಗೋ ಒಂದು ಫೋಟೋ ಕಳಿಸಿ. ಅದು ಗಡಿಯಾರದ ಗುರುತಲ್ಲೇ ನಿಂತ್ರೆ ಮೇಲೆ ಹೇಳಿದ ಅಪ್‌ಲೋಡ್ ಸಮಸ್ಯೆ, ಜಾಗ ಬದಲಿಸಿ. ಪುಟವೂ ಬಂತು, ಫೋಟೋವೂ ಹೋಯ್ತು, ಸಮೀಕ್ಷೆ ಆ್ಯಪ್ ಮಾತ್ರ ಸುತ್ತುತ್ತಿದೆ ಅಂದ್ರೆ ತೊಂದರೆ ಸರ್ವರಿನಲ್ಲಿರಬಹುದು, ಇಲ್ಲಾ ಫೋನಿನ ಯಾವುದೋ ಸೆಟ್ಟಿಂಗಿನಲ್ಲಿ. ಪಕ್ಕದ ಊರಿನ ಗೆಳೆಯನಿಗೆ ಕೇಳಿ. ಅವನಿಗೂ ಆಗ್ತಿಲ್ಲ ಅಂದ್ರೆ ಫೋನ್ ಜೇಬಿಗೆ ಹಾಕಿ, ಕೆಲಸ ನೋಡ್ಕೊಳ್ಳಿ. ಸರ್ವರ್ ಬಿದ್ದಿದ್ರೆ ನಾವೇನು ಮಾಡಿದ್ರೂ ಏಳಲ್ಲ.

ಸರ್ವರಿಗೂ ರಶ್ ಇರುತ್ತೆ, ಸಂತೆ ದಿನದ ಬಸ್ಸಿನ ಹಾಗೆ. ಕೊನೇ ದಿನಾಂಕ ಹತ್ತಿರ ಬಂದಾಗ, ಅದೂ ಬೆಳಗ್ಗೆ ಹತ್ತರಿಂದ ಸಂಜೆ ತನಕ, ಎಲ್ಲರೂ ಒಂದೇ ಸಲ ಬೀಳ್ತಾರೆ. ಬೆಳಗ್ಗೆ ಐದೂವರೆ ಆರಕ್ಕೆ ಹಾಲು ಕರೆಯೋಕೆ ಎದ್ದಾಗ ಅಪ್‌ಲೋಡ್ ಒತ್ತಿ ಪಕ್ಕಕ್ಕಿಡಿ. ಆ ಹೊತ್ತಲ್ಲಿ ಟವರೂ ಖಾಲಿ, ಸರ್ವರೂ ಖಾಲಿ.

ಫೋನಿನ ಒಳಗೆ ನೋಡಬೇಕಾದ್ದು

ಗೆಳೆಯನಿಗೆ ಆಗ್ತಿದೆ, ನಿಮಗೆ ಮಾತ್ರ ಆಗ್ತಿಲ್ಲ ಅಂದ್ರೆ ಮೊದಲು ಏರೋಪ್ಲೇನ್ ಮೋಡ್ ಹಾಕಿ, ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಫೋನು ಟವರನ್ನ ಹೊಸದಾಗಿ ಹುಡುಕಿ ಹಿಡಿಯುತ್ತೆ. ಫೋನ್ ಆಫ್ ಆನ್ ಮಾಡೋದರಿಂದ ಸಿಗೋ ಲಾಭದಲ್ಲಿ ಬಹುಪಾಲು ಇಲ್ಲೇ ಸಿಗುತ್ತೆ.

ಆಮೇಲೆ ದಿನಾಂಕ, ಸಮಯ. ಇದನ್ನ ಯಾರೂ ನೋಡಲ್ಲ. ಫೋನು ಸರ್ವರ್ ಜೊತೆ ಮಾತಾಡೋ ಮುಂಚೆ ಅದರ ಗುರುತಿನ ಪತ್ರ ಪರೀಕ್ಷೆ ಮಾಡುತ್ತೆ, ಆ ಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತೆ. ಬ್ಯಾಟರಿ ಪೂರ್ತಿ ಸತ್ತು ಫೋನಿನ ದಿನಾಂಕ ಹಿಂದಕ್ಕೆ ಹೋಗಿದ್ರೆ, ಫೋನಿನ ಲೆಕ್ಕದಲ್ಲಿ ಆ ಪತ್ರ ಇನ್ನೂ ಹುಟ್ಟೇ ಇಲ್ಲ. ಸಂಪರ್ಕ ಕತ್ತರಿಸುತ್ತೆ, ಆ್ಯಪ್ ಕಾರಣ ಹೇಳದೆ ಸುತ್ತುತ್ತೆ. ಸಮಯವನ್ನ 'ಆಟೋಮ್ಯಾಟಿಕ್' ಮೇಲೆ ಇಟ್ಟುಬಿಡಿ.

ಡೇಟಾ ಸೇವರ್, ಬ್ಯಾಟರಿ ಸೇವರ್ ಎರಡೂ ಆಫ್ ಇರಲಿ. ಬ್ಯಾಟರಿ ಸೇವರ್ ಆನ್ ಇದ್ದು ಪರದೆ ಆರಿದ್ರೆ ಅಪ್‌ಲೋಡ್ ಕೂಡ ನಿದ್ದೆ ಹೋಗುತ್ತೆ. ಅಪ್‌ಲೋಡ್ ಮುಗಿಯೋ ತನಕ ಆ್ಯಪ್ ಕಣ್ಣೆದುರೇ ಇರಲಿ. ವೈಫೈ ಬೇಡದಿದ್ರೆ ಆಫ್ ಮಾಡಿ. ಪಂಚಾಯಿತಿ ಮುಂದೆಯೋ ಅಂಗಡಿ ಮುಂದೆಯೋ ಹಾದು ಹೋಗುವಾಗ ಫೋನು ಹಳೇ ಪರಿಚಯದ ವೈಫೈಗೆ ಅಂಟಿಕೊಳ್ಳುತ್ತೆ, ಅದರಲ್ಲಿ ನೆಟ್ ಇರಲ್ಲ. ಎರಡು ಸಿಮ್ ಇದ್ರೆ ಡೇಟಾ ಯಾವ ಸಿಮ್ಮಿನಲ್ಲಿದೆ ನೋಡಿ, ಇನ್ನೊಂದಕ್ಕೆ ಬದಲಿಸಿ ನೋಡಿ. ಜಾಹೀರಾತು ಬರದೇ ಇರಲಿ ಅಂತ ಯಾರೋ ಯೂಟ್ಯೂಬಿನಲ್ಲಿ ಹೇಳಿದ್ದನ್ನ ಕೇಳಿ 'ಪ್ರೈವೇಟ್ ಡಿಎನ್‌ಎಸ್' ಬದಲಿಸಿದ್ರೆ ಅದನ್ನ 'ಆಟೋಮ್ಯಾಟಿಕ್' ಮಾಡಿ. ವಿಪಿಎನ್ ಇದ್ರೆ ಆಫ್ ಮಾಡಿ. 5ಜಿ ಫೋನ್ ಇರೋರು, ನಿಮ್ಮೂರಲ್ಲಿ 5ಜಿ ಬಂದು ಹೋಗಿ ಮಾಡ್ತಿದ್ರೆ, ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ 4ಜಿಗೆ ಇಳಿಸಿ. ಓಡಾಡೋ 5ಜಿಗಿಂತ ನಿಂತ 4ಜಿ ವಾಸಿ.

'ಕ್ಲಿಯರ್ ಕ್ಯಾಶೆ' ಮಾಡ್ಬಹುದಾ ಅಂತ ಕೇಳ್ತಾರೆ. ಕ್ಯಾಶೆ ಅಂದ್ರೆ ತಾತ್ಕಾಲಿಕ ಕಡತ, ಸಾಮಾನ್ಯವಾಗಿ ತೊಂದರೆ ಇಲ್ಲ. ಆದ್ರೆ ಪಕ್ಕದಲ್ಲೇ 'ಕ್ಲಿಯರ್ ಡೇಟಾ' ಬಟನ್ ಇರುತ್ತೆ, ಕೆಸರು ಕೈಯಲ್ಲಿ ಯಾವುದು ಒತ್ತುತ್ತೀವೋ ಗೊತ್ತಾಗಲ್ಲ. ಅಪ್‌ಲೋಡ್ ಬಾಕಿ ಇರುವಾಗ ಆ ಪುಟಕ್ಕೇ ಹೋಗದಿರೋದು ಕ್ಷೇಮ. ಆ್ಯಪ್ 'ಅಪ್‌ಡೇಟ್ ಮಾಡಿ' ಅಂದ್ರೆ ಪ್ಲೇ ಸ್ಟೋರಿನಲ್ಲಿ ಅಪ್‌ಡೇಟ್ ಒತ್ತಿ, ಸೇವ್ ಆಗಿದ್ದು ಸಾಮಾನ್ಯವಾಗಿ ಉಳಿಯುತ್ತೆ. ಕಿತ್ತು ಹೊಸದಾಗಿ ಹಾಕೋದು ಅಪ್‌ಡೇಟ್ ಅಲ್ಲ. ಇನ್ನು ವಾಟ್ಸಾಪ್ ಗುಂಪಿನಲ್ಲಿ 'ಇದರಲ್ಲಿ ಬೇಗ ಆಗುತ್ತೆ' ಅಂತ ಬರೋ ಎಪಿಕೆ ಫೈಲ್ ಮುಟ್ಟಲೇಬೇಡಿ. ಪಿಎಂ ಕಿಸಾನ್ ಹೆಸರಲ್ಲಿ ಇಂಥ ನಕಲಿ ಫೈಲ್ ಕಳಿಸಿ ಖಾತೆ ಖಾಲಿ ಮಾಡಿದ ಪ್ರಕರಣಗಳು ಆಗಿವೆ.

ಜಿಪಿಎಸ್ ಬೇರೆ, ನೆಟ್ ಬೇರೆ

'ಲೊಕೇಶನ್ ಹುಡುಕುತ್ತಿದೆ' ಅಂತ ಬಂದು ನಿಂತ್ರೆ ಅದನ್ನೂ ನೆಟ್‌ವರ್ಕ್ ತಲೆಗೇ ಕಟ್ತೀವಿ. ಜಿಪಿಎಸ್‌ಗೆ ಸಿಮ್ಮೂ ಬೇಡ, ಡೇಟಾನೂ ಬೇಡ. ಅದು ನೇರ ಉಪಗ್ರಹದಿಂದ ಬರುತ್ತೆ. ನೆಟ್ ಇದ್ರೆ ಉಪಗ್ರಹ ಎಲ್ಲೆಲ್ಲಿದೆ ಅನ್ನೋ ಪಟ್ಟಿಯನ್ನ ಫೋನು ನೆಟ್ಟಿನಿಂದ ತಗೊಂಡು ಬೇಗ ಹುಡುಕುತ್ತೆ. ನೆಟ್ ಇಲ್ಲದಿದ್ರೆ ಆ ಪಟ್ಟಿಯನ್ನೂ ಉಪಗ್ರಹದಿಂದಲೇ ಕೇಳಿ ಬರೆದುಕೊಳ್ಳಬೇಕು. ಉಪಗ್ರಹ ಅದನ್ನ ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ಹೇಳುತ್ತೆ, ಪೂರ್ತಿ ಹೇಳಿ ಮುಗಿಸೋಕೆ ಹನ್ನೆರಡೂವರೆ ನಿಮಿಷ. ಸಾಮಾನ್ಯವಾಗಿ ಅಷ್ಟು ಹೊತ್ತು ಬೇಕಾಗಲ್ಲ. ಆದ್ರೂ ಆಕಾಶ ಕಾಣೋ ಬಯಲಲ್ಲಿ ಎರಡು ಮೂರು ನಿಮಿಷ ಅಲ್ಲಾಡದೆ ನಿಲ್ಲಿ. ತೆಂಗು, ಅಡಿಕೆ ನೆರಳಲ್ಲಿ ನಿಂತ್ರೆ ನೀವು ಪಕ್ಕದವರ ಸರ್ವೆ ನಂಬರಿನಲ್ಲಿ ಇರೋ ಹಾಗೆ ತೋರಿಸಿ 'ಗಡಿಯ ಹೊರಗಿದ್ದೀರಿ' ಅಂತಲೂ ಹೇಳಬಹುದು. ತೋಟದಲ್ಲಿ ಸ್ವಲ್ಪ ಕಿಂಡಿ ಬಿಟ್ಟ ಜಾಗ ಹುಡುಕಿ.

ಒಟಿಪಿ ವಿಚಾರಕ್ಕೂ ಒಂದು ಮಾತು. ಬರಲಿಲ್ಲ ಅಂತ ನಾಲ್ಕು ಸಲ ಒತ್ತಿದ್ರೆ ನಾಲ್ಕೂ ತಡವಾಗಿ ಒಟ್ಟಿಗೆ ಬರ್ತವೆ. ಸಾಮಾನ್ಯವಾಗಿ ನಡೆಯೋದು ಕೊನೆಯದ್ದು ಮಾತ್ರ. ಒಮ್ಮೆ ಒತ್ತಿ ಎರಡು ನಿಮಿಷ ಕಾಯಿರಿ. ಬಂದ ಮೆಸೇಜನ್ನ ಒಳಗೆ ಹೋಗಿ ಓದಬೇಡಿ, ಮೇಲಿಂದ ಇಳಿಯೋ ನೋಟಿಫಿಕೇಶನ್ನಿನಲ್ಲೇ ಓದಿ. 2-3 ಜಿಬಿ ರ‍್ಯಾಮ್ ಇರೋ ಫೋನಿನಲ್ಲಿ ಮೆಸೇಜ್ ತೆರೆದ ತಕ್ಷಣ ಹಿಂದಿದ್ದ ಆ್ಯಪನ್ನ ಫೋನು ಮುಚ್ಚಿಬಿಡುತ್ತೆ, ವಾಪಸ್ ಬಂದ್ರೆ ಮೊದಲ ಪುಟ!

ಕೆಲಸವನ್ನ ಮೂರು ತುಂಡು ಮಾಡಿ

ಸಮೀಕ್ಷೆಯ ಎಲ್ಲಾ ಹಂತಕ್ಕೂ ನೆಟ್ ಬೇಕಾಗಿಲ್ಲ. ಆ್ಯಪ್ ಹಾಕ್ಕೊಳ್ಳೋದು, ಲಾಗಿನ್, ಒಟಿಪಿ, ನಿಮ್ಮ ಗ್ರಾಮದ ಮಾಹಿತಿ ಮತ್ತು ಜಮೀನಿನ ಗಡಿರೇಖೆ ಡೌನ್‌ಲೋಡ್ ಮಾಡ್ಕೊಳ್ಳೋದು, ಇವಕ್ಕೆ ನೆಟ್ ಬೇಕು. ಇದನ್ನ ಹಿಂದಿನ ರಾತ್ರಿ ಮನೆಯಲ್ಲಿ, ಮಾಳಿಗೆ ಮೇಲೆ, ಇಲ್ಲಾ ಪೇಟೆಗೆ ಹೋದಾಗ ಮುಗಿಸಿ. ಆಯಾ ಹಂಗಾಮಿಗೆ ಬಿಟ್ಟಿರೋ ಆ್ಯಪೇ ಇದೆಯಾ ಅಂತಲೂ ಆಗಲೇ ನೋಡ್ಕೊಳ್ಳಿ, ಹೋದ ವರ್ಷದ್ದು ಫೋನಿನಲ್ಲಿ ಉಳಿದಿರುತ್ತೆ. ಹೊಲದಲ್ಲಿ ವಿವರ ತುಂಬಿ, ಫೋಟೋ ತೆಗೆದು, ಸೇವ್ ಮಾಡಿ. ಅಷ್ಟೇ. ಅಲ್ಲೇ ನಿಂತು ಅಪ್‌ಲೋಡ್‌ಗೆ ಜಗ್ಗಾಡಬೇಡಿ. ಸೇವ್ ಆದ ಪಟ್ಟಿಯ ಸ್ಕ್ರೀನ್‌ಶಾಟ್ ಒಂದು ತೆಗೆದಿಟ್ಕೊಳ್ಳಿ. ಜೊತೆಗೆ ಫೋನಿನ ಮಾಮೂಲಿ ಕ್ಯಾಮೆರಾದಲ್ಲಿ, ಲೊಕೇಶನ್ ಆನ್ ಇಟ್ಟು, ಅದೇ ಬೆಳೆಯ ಎರಡು ಫೋಟೋ ತೆಗೆದಿಡಿ. ಅದನ್ನ ಆ್ಯಪಿಗೆ ಹಾಕೋಕೆ ಬರಲ್ಲ, ಆದ್ರೆ ನಾಳೆ ಆಕ್ಷೇಪಣೆ ಕೊಡೋ ಪರಿಸ್ಥಿತಿ ಬಂದ್ರೆ ಕೈಯಲ್ಲಿ ಸಾಕ್ಷಿ ಇರುತ್ತೆ.

ಅಪ್‌ಲೋಡ್ ಮಾತ್ರ ಒಳ್ಳೇ ಸಿಗ್ನಲ್ ಇರೋ ಜಾಗಕ್ಕೆ ಬಂದು, ನಿಂತ ನೆಲದಲ್ಲಿ ಮಾಡಿ. ಬಸ್ಸಲ್ಲಿ, ಬೈಕ್ ಹಿಂದೆ ಕೂತು ಬೇಡ. ಓಡೋ ಗಾಡಿಯಲ್ಲಿ ಫೋನು ಒಂದು ಟವರ್ ಬಿಟ್ಟು ಇನ್ನೊಂದು ಹಿಡಿಯುತ್ತಾ ಹೋಗುತ್ತೆ, ನಡುವೆ ಸಿಗ್ನಲ್ ಇಲ್ಲದ ಜಾಗ ಬಂದ್ರೆ ಅಪ್‌ಲೋಡ್ ಮುರಿಯುತ್ತೆ. ನಾಲ್ಕೈದು ಸರ್ವೆ ನಂಬರ್ ಇದ್ರೆ ಒಂದೊಂದಾಗಿ ಕಳಿಸೋಕೆ ಅವಕಾಶ ಇದ್ದಲ್ಲಿ ಒಂದೊಂದಾಗಿಯೇ ಕಳಿಸಿ.

ಬೇರೆ ಆ್ಯಪ್‌ಗಳಲ್ಲಿ

ಸಮೀಕ್ಷೆ ಆ್ಯಪಿನಲ್ಲಿ ಎರಡನೇ ಸಲ ಒತ್ತಿದ್ರೆ ಹಾನಿ ಕಮ್ಮಿ. ದುಡ್ಡಿನ ಆ್ಯಪಿನಲ್ಲಿ ಹಾಗಲ್ಲ. ಗೊಬ್ಬರದ ಅಂಗಡಿಯಲ್ಲಿ ಯುಪಿಐ ಪೇಮೆಂಟ್ ಸುತ್ತುತ್ತಾ ನಿಂತ್ರೆ, ನಿಮ್ಮ ಆದೇಶ ಬ್ಯಾಂಕಿಗೆ ಮುಟ್ಟಿ, ವಾಪಸ್ ಬರೋ ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಮತ್ತೆ ಕಟ್ಟೋ ಮುಂಚೆ ಬ್ಯಾಂಕಿನ ಮೆಸೇಜ್, ಆ್ಯಪಿನ ಹಿಸ್ಟರಿ ನೋಡಿ. ಖಾತೆಯಿಂದ ಹೋಗಿ ಅಂಗಡಿಯವರಿಗೆ ದೃಢೀಕರಣ ಬರದಿದ್ರೆ, ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ 5 ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು, ಅದು ಮೀರಿದ್ರೆ ದಿನಕ್ಕೆ 100 ರೂಪಾಯಿ ಪರಿಹಾರ. ಡೇಟಾ ಇಲ್ಲದ ಕಡೆ *99# ಡಯಲ್ ಮಾಡಿಯೂ ಹಣ ಕಳಿಸಬಹುದು, ಎಲ್ಲಾ ಸಿಮ್ಮಿನಲ್ಲಿ ನಡೆಯಲ್ಲ ಅಷ್ಟೇ.

ಬೆಳೆ ವಿಮೆಯಲ್ಲಂತೂ ಗಡಿಯಾರ ಓಡ್ತಾ ಇರುತ್ತೆ. ಆಲಿಕಲ್ಲು ಬಿದ್ದು, ಹೊಲದಲ್ಲಿ ನೀರು ನಿಂತು ಹಾನಿಯಾದ್ರೆ 72 ಗಂಟೆಯೊಳಗೆ ತಿಳಿಸಬೇಕು. ಅಂಥ ಮಳೆ ದಿನವೇ ಟವರ್ ಕೂಡ ಮಲಗಿರುತ್ತೆ. ಆ್ಯಪ್ ತೆರೆಯಲಿಲ್ಲ ಅಂತ ಎರಡು ದಿನ ಕಳೀಬೇಡಿ, 14447ಕ್ಕೆ ಕರೆ ಮಾಡಿ. ಡೇಟಾ ಸತ್ತ ಕಡೆಯೂ ಮಾತಿನ ಕರೆ ಎಷ್ಟೋ ಸಲ ಹೋಗುತ್ತೆ. ದೂರಿನ ಸಂಖ್ಯೆ ಕೇಳಿ ಬರೆದಿಟ್ಕೊಳ್ಳಿ.

ಏನು ಮಾಡಿದ್ರೂ ಆಗಲೇ ಇಲ್ಲ ಅಂದ್ರೆ

ಕೊನೇ ದಿನದ ತನಕ ಕಾಯ್ಬೇಡಿ. ಗಡುವಿಗೆ ನಾಲ್ಕೈದು ದಿನ ಇರುವಾಗಲೇ ಫೋನ್ ಸಮೇತ ರೈತ ಸಂಪರ್ಕ ಕೇಂದ್ರಕ್ಕೋ ಗ್ರಾಮ ಆಡಳಿತ ಅಧಿಕಾರಿ ಹತ್ತಿರವೋ ಹೋಗಿ. ರೈತರು ಮಾಡದೆ ಉಳಿದ ಜಮೀನುಗಳನ್ನ ಊರಿಗೆ ನೇಮಿಸಿರೋ ಖಾಸಗಿ ನಿವಾಸಿಗಳು, ಅಂದ್ರೆ ಪಿ.ಆರ್.ಗಳು ಸಮೀಕ್ಷೆ ಮಾಡ್ತಾರೆ. ನಿಮ್ಮೂರಿನ ಪಿ.ಆರ್. ಯಾರು ಅಂತ ಕೇಳಿ, ಹೊಲಕ್ಕೆ ಬರುವಾಗ ನೀವೂ ಜೊತೆಗಿರಿ. 'ಆ್ಯಪ್ ವರ್ಕ್ ಆಗ್ತಿಲ್ಲ' ಅಂತ ಬರೀ ಬಾಯಲ್ಲಿ ಹೇಳಿದ್ರೆ ಅವರಿಗೂ ಏನೂ ತೋಚಲ್ಲ. ಯಾವ ಹಂತದಲ್ಲಿ ನಿಂತಿದೆ, ಏನಂತ ಬರೀತಿದೆ, ಯಾವ ಸರ್ವೆ ನಂಬರ್, ಎಷ್ಟು ಹೊತ್ತಿಗೆ ಆಯ್ತು, ಇಷ್ಟು ಸ್ಕ್ರೀನ್‌ಶಾಟ್ ತೋರಿಸಿ.

ಅಪ್‌ಲೋಡ್ ಆಯ್ತು ಅಂತ ಬಂದ ಮೇಲೂ ಆ್ಯಪ್ ಹಾಗೇ ಇರಲಿ. ಕೆಲವು ದಿನ ಬಿಟ್ಟು 'ಬೆಳೆ ದರ್ಶಕ್' ಆ್ಯಪ್ ತೆರೆದು ನಿಮ್ಮ ಸರ್ವೆ ನಂಬರ್ ಹಾಕಿ, ಯಾವ ಬೆಳೆ, ಎಷ್ಟು ವಿಸ್ತೀರ್ಣ, ಯಾವ ಫೋಟೋ ಅಂತ ನೋಡಿ. ತಪ್ಪಿದ್ರೆ ಅಲ್ಲೇ ಆಕ್ಷೇಪಣೆ ಹಾಕೋಕೆ ಅವಕಾಶ ಇದೆ, ಅದಕ್ಕೂ ಗಡುವು ಇರುತ್ತೆ. ಅಲ್ಲಿ ನಿಮ್ಮ ಹೊಲದ ಫೋಟೋ ಸರಿಯಾಗಿ ಕಂಡ ಮೇಲೆ ಫೋನಿನಲ್ಲಿ ಜಾಗ ಬೇಕು ಅಂದ್ರೆ ಸಮೀಕ್ಷೆ ಆ್ಯಪನ್ನ ಧಾರಾಳವಾಗಿ ಕಿತ್ತು ಹಾಕಿ.